ಸೋಮವಾರ ಜಾಸ್ತಿ ಬೀಳುತ್ತಿದ್ದ ಮಳೆ

ನಾನು ಚಿಕ್ಕವಳಿದ್ದಾಗ ಸರ್ಕಾರಕ್ಕೆ ಮಳೆ ಸುರಿಸಿಕೊಡುವ ಕೆಲಸ ಮಾಡುತ್ತಿದ್ದೆ. ದಿನಕ್ಕೆ ಒಂದು ಮಿಲಿಮೀಟರು, ಸೋಮವಾರ ಎರಡು. ಸಂಬಳ ಅಂತ ಅಜ್ಜಿ ಒಂದು ಚೂರು ಕಲ್ಲುಸಕ್ಕರೆ ಕೊಡುತ್ತಿದ್ದಳು. ಈಗಲೇ ನಗಬೇಡಿ, ಮಕ್ಕಳೇ. ಪೂರ್ತಿ ಕೇಳಿ, ಆಮೇಲೆ ಎಷ್ಟು ಬೇಕಾದರೂ ನಗಿ.

ನಮ್ಮೂರು ನಾಯಂಡಹಳ್ಳಿ ದಾಟಿ ಕೆಂಗೇರಿಗೆ ಹೋಗುವ ದಾರಿಯಲ್ಲಿ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿತ್ತು. ಈಗ ಅಲ್ಲಿಗೆ ಹೋದರೆ ಗೋಡೌನು, ಗ್ಯಾರೇಜು, ತಲೆಯ ಮೇಲೆ ಮೆಟ್ರೋ. ಆಗ ರಾಗಿ ಹೊಲ, ಅವರೆ ಸಾಲು, ಹೊಂಗೆ ಮರ. ಗಾಳಿ ನಮ್ಮ ಕಡೆ ಬೀಸಿದ ದಿನ ಬಿನ್ನಿಪೇಟೆ ಗಿರಣಿಯ ಕೂಗು ಅಷ್ಟು ದೂರದಿಂದಲೂ ಕೇಳುತ್ತಿತ್ತು, ಅದೇ ನಮ್ಮ ಗಡಿಯಾರ. ಊರಿನ ಪ್ರೈಮರಿ ಶಾಲೆಗೆ ನಮ್ಮಪ್ಪ ಹೆಡ್ಮಾಸ್ಟರು. ಶಾಲೆಗೆ ಎರಡೇ ಕೋಣೆ, ಇಬ್ಬರೇ ಮೇಷ್ಟ್ರು. ಇನ್ನೊಬ್ಬರಿಗೆ ಸದಾ ಹಲ್ಲುನೋವು ಇರುತ್ತಿದ್ದುದರಿಂದ ಅಪ್ಪ ಒಬ್ಬರೇ ಎರಡು ಕೋಣೆಗೂ ಕೇಳುವಷ್ಟು ಜೋರಾಗಿ ಪಾಠ ಹೇಳುತ್ತಿದ್ದರು. ಶಾಲೆಯ ಗೋಡೆಗೆ ಅಂಟಿಕೊಂಡೇ ನಮ್ಮ ಮನೆ ಇತ್ತು.

ಶಾಲೆಯ ಅಂಗಳದ ಮೂಲೆಯಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ, ಸರ್ಕಾರದವರು ಒಂದು ಡಬ್ಬಿ ನಿಲ್ಲಿಸಿ ಹೋಗಿದ್ದರು. ಮೇಲೆ ಹಿತ್ತಾಳೆ ಅಂಚಿನ ಲಾಳಿಕೆ, ಸೀಮೆಎಣ್ಣೆ ಬಗ್ಗಿಸುತ್ತಾರಲ್ಲ ಅಂಥದು. ಅದರ ಕೆಳಗೆ, ಡಬ್ಬಿಯ ಹೊಟ್ಟೆಯಲ್ಲಿ, ಒಂದು ಶೀಶೆ. ಮಳೆ ಬಂದರೆ ನೀರು ಲಾಳಿಕೆಯಿಂದ ಶೀಶೆಗೆ ಇಳಿಯುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಅಪ್ಪ ಕೋಟು ತೊಟ್ಟು, ಉಡಿದಾರಕ್ಕೆ ಕಟ್ಟಿಕೊಂಡ ಕೀಲಿಯಿಂದ ಬೇಲಿಯ ಬಾಗಿಲು ತೆಗೆದು, ಶೀಶೆಯ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಮಳೆ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಊರಿನವರು ಅದನ್ನು ಮಳೆ ಡಬ್ಬಿ ಅನ್ನುತ್ತಿದ್ದರು. ಅಪ್ಪ ಮಾತ್ರ ಮಳೆಮಾಪಕ ಅನ್ನುತ್ತಿದ್ದರು, ಅದೂ ಕೋಟಿನ ಗುಂಡಿ ಹಾಕಿಕೊಂಡ ಮೇಲೆ.

ಶೀಶೆಯಲ್ಲಿ ಇದ್ದದ್ದನ್ನು ಬರೆಯಬೇಕು, ಇಲ್ಲದ್ದನ್ನು ಬರೆಯಬಾರದು, ಬರೆದದ್ದನ್ನು ಅಳಿಸಬಾರದು. ಅಪ್ಪನಿಗೆ ಇವು ಮೂರು ಮಗ್ಗಿಯ ಹಾಗೆ ಬಾಯಿಪಾಠ. ಒಮ್ಮೆ ಶೀಶೆಯಲ್ಲಿ ಒಂದು ಸಣ್ಣ ಕಪ್ಪೆ ಸಿಕ್ಕಿತ್ತು. ಕಪ್ಪೆಯಿಂದಾಗಿ ನೀರಿನ ಮಟ್ಟ ಎಷ್ಟು ಏರಿತು ಎಂದು ಅರ್ಧ ದಿನ ಲೆಕ್ಕ ಹಾಕಿದ್ದರು. ಊರಿನವರು ಬೆನ್ನ ಹಿಂದೆ ನಗುತ್ತಿದ್ದರು, ಆದರೆ ಜಮೀನಿನ ಜಗಳ ಬಂದರೆ ಸಾಕ್ಷಿಗೆ ಕರೆಯುತ್ತಿದ್ದದ್ದು ಅಪ್ಪನನ್ನೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಕೈಕೊಟ್ಟಿತು. ರಾಗಿ ಪೈರು ಮೊಣಕಾಲುದ್ದ ಬಂದು ಅಲ್ಲೇ ಒಣಗಿ ನಿಂತಿತು. ಓಡಾಡಿದರೆ ಕೆಂಪು ಧೂಳು ಎದ್ದು ಹಲ್ಲಿನ ಸಂದಿಗೆಲ್ಲ ಸೇರುತ್ತಿತ್ತು. ಶಾಲೆಯ ಹಿಂದಿನ ಸೇದುವ ಬಾವಿಯೇ ಊರಿಗೆಲ್ಲ ಕುಡಿಯುವ ನೀರು ಕೊಡುತ್ತಿದ್ದದ್ದು. ಅದರೊಳಗೆ ಕೊಡ ಇಳಿಬಿಟ್ಟರೆ ಠಣ್ ಎಂದು ಬಂಡೆಗೆ ಬಡಿದ ಸದ್ದು ಬರತೊಡಗಿತು. ಬಂಡೆ ಒಡೆದು ಬಾವಿಯನ್ನು ಇನ್ನೂ ಆಳ ಮಾಡಿದರೆ ನೀರು ಇದೆ ಎಂದು ದೊಡ್ಡವರೆಲ್ಲ ಹೇಳುತ್ತಿದ್ದರು. ಬಂಡೆ ಒಡೆಯಲು ಸಿಡಿಮದ್ದು ಬೇಕು, ಒಡ್ಡರು ಬೇಕು. ಅದು ಸರ್ಕಾರದಿಂದಲೇ ಆಗಬೇಕಾದ ಕೆಲಸ.

ಅಲ್ಲಿಯವರೆಗೆ ನಮ್ಮ ಮನೆಯ ನೀರಿನ ಭಾರ ಅಕ್ಕನ ಮೇಲೆ ಬಿತ್ತು. ಅಮ್ಮ ಆಗ ತಮ್ಮನನ್ನು ಹೆತ್ತು ಬಾಣಂತಿ. ಏಳನೇ ಕ್ಲಾಸಿನಲ್ಲಿದ್ದ ಅಕ್ಕ ಬೆಳಕು ಹರಿಯುವ ಮುಂಚೆಯೇ ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಕೊಡ ಇಟ್ಟುಕೊಂಡು, ಕೆರೆಯಾಚೆಯ ತೋಟದ ಬಾವಿಗೆ ಹೋಗುತ್ತಿದ್ದಳು. ಎರಡು ಸಲ ಹೋಗಿ ಬರುವಷ್ಟರಲ್ಲಿ ಮೊದಲ ಪೀರಿಯಡ್ಡು ಮುಗಿದಿರುತ್ತಿತ್ತು. ಅದು ಲೆಕ್ಕದ ಪೀರಿಯಡ್ಡು. ಮುಂದೆ ಪಬ್ಲಿಕ್ ಪರೀಕ್ಷೆ ಇತ್ತು. ಅಕ್ಕನಿಗೆ ಲೆಕ್ಕ ಎಂದರೆ ಪ್ರಾಣ. ಬಾವಿ ಆಳವಾಗದಿದ್ದರೆ ಪರೀಕ್ಷೆಯ ಆಸೆ ಬಿಡಬೇಕು ಎಂದು ಅವಳೇ ಒಮ್ಮೆ ಅಮ್ಮನ ಹತ್ತಿರ ಹೇಳಿ ಅತ್ತಿದ್ದಳು.

ಈಗ ಸರ್ಕಾರದ ವಿಷಯ ಸ್ವಲ್ಪ ಕೇಳಿ. ಬರ ಬಂದಿದೆ ಎಂದು ನಮಗೆ ಗೊತ್ತಿದ್ದರೆ ಸಾಲದು, ಸರ್ಕಾರಕ್ಕೂ ಗೊತ್ತಾಗಬೇಕು. ಸರ್ಕಾರ ಬಂದು ಆಕಾಶ ನೋಡುವುದಿಲ್ಲ, ಕಾಗದ ನೋಡುತ್ತದೆ. ಅಪ್ಪ ಬರೆದ ಕಾಗದ ಕೆಂಗೇರಿ ಹೋಬಳಿಗೆ ಹೋಗಬೇಕು, ಅಲ್ಲಿಂದ ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ. ಇಷ್ಟು ವಾರ ಒಂದೇ ಸಮನೆ ಹನಿ ಬಿದ್ದಿಲ್ಲ ಎಂದು ಆ ಕಾಗದ ಹೇಳಬೇಕು. ಆಗ ಊರಿನ ಹೆಸರು ಬರದ ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದ ಊರಿಗೆ ದನಕ್ಕೆ ಹುಲ್ಲು, ಜನಕ್ಕೆ ಕೆಲಸ, ಬಾವಿಗೆ ಸಿಡಿಮದ್ದು. ಸೇರದ ಊರಿಗೆ ಏನೂ ಇಲ್ಲ. ಇದರಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲ ಊರಿನವರೂ ನಮ್ಮದೇ ದೊಡ್ಡ ಬರ ಅಂದರೆ ಯಾರದೆಂದು ನಂಬುವುದು? ಅದಕ್ಕೇ ಆ ಡಬ್ಬಿ ಇಟ್ಟಿದ್ದರು.

ಆದರೆ ಡಬ್ಬಿ ಇಟ್ಟವರಿಗೆ ನಮ್ಮಜ್ಜಿಯ ಪರಿಚಯ ಇರಲಿಲ್ಲ.

ಅಜ್ಜಿ, ಅಂದರೆ ಅಪ್ಪನ ಅಮ್ಮ, ಮನೆಯಲ್ಲಿ ಯಾವ ಪಾತ್ರೆಯನ್ನೂ ಖಾಲಿ ಇಡಲು ಬಿಡುತ್ತಿರಲಿಲ್ಲ. ಅಕ್ಕಿ ಡಬ್ಬದ ತಳದಲ್ಲಿ ಯಾವಾಗಲೂ ಒಂದು ಹಿಡಿ ಅಕ್ಕಿ ಉಳಿದಿರಬೇಕು. ಅಕ್ಕಿ ಮುಗಿಯಿತು ಅನ್ನುವ ಹಾಗಿಲ್ಲ, ಅಕ್ಕಿ ತುಂಬಿದೆ ಅನ್ನಬೇಕು. ಪಕ್ಕದ ಮನೆಯಿಂದ ಬಟ್ಟಲಲ್ಲಿ ಹುಳಿ ಬಂದರೆ ಆ ಬಟ್ಟಲನ್ನು ಒಂದು ಚೂರು ಬೆಲ್ಲವಾದರೂ ಹಾಕಿಯೇ ಹಿಂದಿರುಗಿಸಬೇಕು. ಮುಸ್ಸಂಜೆಯಲ್ಲಿ ಕೊಡ ಖಾಲಿ ಇದ್ದರೆ ಗುದ್ದುಗಳಿಂದ ನಮ್ಮ ಬೆನ್ನು ತುಂಬಿಸುತ್ತಿದ್ದಳು. ಖಾಲಿ ಪಾತ್ರೆ ಖಾಲಿಯನ್ನೇ ಕರೆಯುತ್ತದೆ, ತುಸು ಇದ್ದರೆ ಇನ್ನಷ್ಟು ಬರುತ್ತದೆ, ಇದು ಅವಳ ಅರ್ಥಶಾಸ್ತ್ರ. ಅಂಥವಳ ಕಣ್ಣೆದುರಿಗೆ, ಮಳೆಗೆಂದೇ ಇಟ್ಟ ಸರ್ಕಾರದ ಪಾತ್ರೆ, ವಾರಗಟ್ಟಲೆ ಖಾಲಿ ನಿಂತಿತ್ತು. ಅವಳಿಗೆ ನಿದ್ದೆ ಹೇಗೆ ಬರಬೇಕು?

ಒಂದು ದಿನ ಬೆಳಗಿನ ಜಾವ ಅಜ್ಜಿ ನನ್ನನ್ನು ತಟ್ಟಿ ಎಬ್ಬಿಸಿದಳು. ಕೈಯಲ್ಲಿ ಪೂಜೆಯ ಪಂಚಪಾತ್ರೆ, ತೀರ್ಥ ಕೊಡುವ ತಾಮ್ರದ ಪುಟ್ಟ ಚಮಚ. "ಬಾರೇ, ನಿನ್ನ ಕೈ ಸಣ್ಣಕಿದೆ" ಅಂದಳು. ಬೇಲಿಯ ಕೀಲಿ ಅಪ್ಪನ ಸೊಂಟದಲ್ಲಿತ್ತು. ಆದರೆ ಬೇಲಿ ಕಟ್ಟುವಾಗ ತಂತಿ ಸಾಲದೆ ಬಂದು ಬೇಲಿ ಇರಬೇಕಾದದ್ದಕ್ಕಿಂತ ಚಿಕ್ಕದಾಗಿತ್ತು. ತಂತಿಗಳ ನಡುವೆ ನನ್ನ ಕೈ ತೂರಿಸಿದರೆ ಲಾಳಿಕೆಗೆ ಸರಿಯಾಗಿ ನಿಲುಕುತ್ತಿತ್ತು. ಅಜ್ಜಿ ಚಮಚ ತುಂಬಿ ಕೊಟ್ಟಳು, ನಾನು ಹಾಕಿದೆ. ಮೂರು ಚಮಚ. ತಣ್ಣನೆಯ ತಾಮ್ರ, ಒದ್ದೆ ಬೆರಳು, ತುಳಸಿಯ ವಾಸನೆ, ಆಮೇಲೆ ಬಾಯಿಯಲ್ಲಿ ಕಲ್ಲುಸಕ್ಕರೆ. ನನಗೆ ಅದು ಬಹಳ ಇಷ್ಟವಾಯಿತು. ಯಾಕೆ ಎಂದು ಕೇಳಬೇಕು ಅನ್ನಿಸಲೂ ಇಲ್ಲ.

"ಅಪ್ಪಂಗೆ ಹೇಳ್ಬೇಡ ಕಣೇ" ಅಂದಳು ಅಜ್ಜಿ. "ಪುಣ್ಯದ ಕೆಲಸ ಬಾಯಿಬಿಟ್ರೆ ಫಲ ಹೋಗ್ತದೆ."

ಅಂದಿನಿಂದ ದಿನಾ ಮೂರು ಚಮಚ. ಸೋಮವಾರ ಈಶ್ವರನ ವಾರವಾದ್ದರಿಂದ ಐದಾರು. ಏಕಾದಶಿಗೂ ಹಾಗೆಯೇ. ಆ ನೀರು ಅಕ್ಕ ಅಷ್ಟು ದೂರದಿಂದ ಹೊತ್ತು ತಂದದ್ದು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಎಂಟೂವರೆಗೆ ಅಪ್ಪ ಶೀಶೆ ತೆಗೆದು ನೋಡಿ ದಂಗಾದರು. ಮೇಲೆ ನೋಡಿದರೆ ಮೋಡದ ಸುಳಿವಿಲ್ಲ. ನೆಲ ನೋಡಿದರೆ ಬಿರುಕು. ಲೋಟದಲ್ಲಿ ಮಾತ್ರ ಒಂದು ಮಿಲಿಮೀಟರು. ಇಬ್ಬನಿ ಇರಬಹುದು ಅಂದುಕೊಂಡರು, ರಾತ್ರಿ ತುಸು ಜಿನುಗಿರಬಹುದು ಅಂದುಕೊಂಡರು. ಅಂದುಕೊಂಡದ್ದನ್ನು ಬರೆಯುವ ಹಾಗಿಲ್ಲವಲ್ಲ, ಇದ್ದದ್ದನ್ನು ಬರೆದರು. ಮರುದಿನವೂ ಬರೆದರು. ಹೀಗೆ ಇಡೀ ಹೋಬಳಿ ಒಣಗಿ ಬಿರಿಯುತ್ತಿದ್ದಾಗ ನಮ್ಮೂರಿನಲ್ಲಿ, ಕಾಗದದ ಮೇಲೆ, ದಿನಾ ಹಿತವಾಗಿ ಮಳೆಯಾಗತೊಡಗಿತು.

ಸ್ವಲ್ಪ ದಿನಕ್ಕೆ ಸರ್ಕಾರದಿಂದ ಕಾಗದ ಬಂತು. ನಿಮ್ಮ ಗ್ರಾಮದಲ್ಲಿ ಪ್ರತಿದಿನ ಮಳೆಯಾಗುತ್ತಿರುವುದರಿಂದ, ಸುತ್ತಲ ಗ್ರಾಮಗಳ ದನಕರುಗಳಿಗೆ ಹುಲ್ಲು ಒದಗಿಸಲು ಸಾಧ್ಯವೇ ಎಂಬ ಬಗ್ಗೆ ಕೂಡಲೇ ವರದಿ ಮಾಡತಕ್ಕದ್ದು. ಅಪ್ಪ ಅದನ್ನು ಜಗುಲಿಯ ಮೇಲೆ ಕುಳಿತು ಎರಡು ಸಲ ಓದಿದರು. ಎದುರಿಗೆ ನಮ್ಮ ಹಸು ಹಳೆಯ ಚಾಪೆಯೊಂದನ್ನು ತಿನ್ನುತ್ತಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬರದ ಪಟ್ಟಿಯಲ್ಲಿ ನಮ್ಮೂರಿನ ಹೆಸರು ಬರುವುದಿಲ್ಲ ಎಂದು ಅವತ್ತೇ ಊರಿಗೆಲ್ಲ ತಿಳಿಯಿತು.

ಆಮೇಲೆ ಆ ದಿನ ಬಂತು. ಸೋಮವಾರ.

ನಾನೂ ಅಜ್ಜಿಯೂ ಎಂದಿನಂತೆ ನಮ್ಮ ಕೆಲಸ ಮುಗಿಸಿದ್ದೆವು. ಬೆಳಗಿನ ಗಂಜಿ ಕುಡಿಯುತ್ತಿದ್ದಾಗ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂದು ಶಾಲೆಯ ಮುಂದೆ ನಿಂತಿತು. ಪೆಟ್ರೋಲ್ ವಾಸನೆಗೆ ಊರಿನ ಮಕ್ಕಳೆಲ್ಲ ಓಡಿ ಬಂದರು. ಬರ ಪರಿಶೀಲನೆಗೆಂದು ಬಂದ ಸಾಹೇಬರು ಇಳಿದರು. ಇನ್ನೂ ಚಿಕ್ಕ ವಯಸ್ಸು, ಆದರೆ ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ಹಿಂದೆಯೇ ಗುಮಾಸ್ತರು ಒಂದು ದೊಡ್ಡ ನಕ್ಷೆ ಸುತ್ತಿಕೊಂಡು ಇಳಿದರು. ಅದನ್ನು ಅಪ್ಪನ ಮೇಜಿನ ಮೇಲೆ ಬಿಚ್ಚಿ ನಾಲ್ಕು ಮೂಲೆಗೂ ಸ್ಲೇಟು ಇಟ್ಟರು. ಹೋಬಳಿಗೆ ಹೋಬಳಿಯೇ ಹಳದಿ ಬಣ್ಣ. ನಡುವೆ ಒಂದೇ ಒಂದು ಹಸಿರು ಚುಕ್ಕೆ. ನಾವೆಲ್ಲ ಕಿಟಕಿಯಿಂದ ಇಣುಕಿ, ನಮ್ಮೂರು ಎಷ್ಟು ಚೆನ್ನಾಗಿ ಕಾಣುತ್ತೆ ಎಂದು ಹೆಮ್ಮೆಪಟ್ಟೆವು.

"ಎಂಟೂವರೆಗೆ ನನ್ನೆದುರಿಗೇ ತೆಗೀರಿ ಮೇಷ್ಟ್ರೇ" ಅಂದರು ಸಾಹೇಬರು.

ಅಪ್ಪ ತೆಗೆದರು. ಎರಡು ಮಿಲಿಮೀಟರು. ಸಾಹೇಬರು ಲೋಟ ಇಸಿದುಕೊಂಡು ತಾವೇ ನೋಡಿದರು. ಬಗ್ಗಿ ನೆಲದ ಮಣ್ಣು ಮುಟ್ಟಿದರು. ಬೆರಳಿಗೆ ಹತ್ತಿದ ಧೂಳನ್ನು ಊದಿದರು.

"ರಾತ್ರಿ ಮಳೆ ಬಿದ್ದಿದ್ದು ನೀವು ನೋಡಿದ್ರಾ?"

"ಇಲ್ಲ ಸಾರ್. ಶೀಶೆ ನೋಡೋದಷ್ಟೇ ನನ್ನ ಕೆಲಸ. ಅದ್ರಲ್ಲಿ ಇದ್ದದ್ದು ಬರ್ದಿದೀನಿ."

ಒಳಗೆ ಹೋಗಿ ರಿಜಿಸ್ಟರು ತೆರೆದರು. ಸಾಹೇಬರು ಪುಟದ ಮೇಲೆ ಬೆರಳಾಡಿಸುತ್ತ ಹೋದರು. ಅವರ ಹುಬ್ಬು ನಿಧಾನವಾಗಿ ಮೇಲೇರಿತು.

"ಸೋಮವಾರ ಸೋಮವಾರ ಜಾಸ್ತಿ ಬೀಳುತ್ತಲ್ಲ ಇಲ್ಲಿ?"

"ಹೌದು ಸಾರ್, ನಾನೂ ಗಮನಿಸಿದೀನಿ" ಅಂದರು ಅಪ್ಪ. ಒಬ್ಬರಾದರೂ ಇದನ್ನು ಗಂಭೀರವಾಗಿ ತೆಗೆದುಕೊಂಡರಲ್ಲ ಎಂಬ ಸಮಾಧಾನ ಅವರ ದನಿಯಲ್ಲಿತ್ತು.

"ಏಕಾದಶೀಲೂ ಜಾಸ್ತಿ ಸಾರ್" ಎಂದು ಗುಮಾಸ್ತರು ಪಂಚಾಂಗ ನೆನೆದು ಸೇರಿಸಿದರು.

"ಇಲ್ನೋಡಿ, ಈ ನಾಲ್ಕು ದಿನ ಮಾತ್ರ ಸೊನ್ನೆ. ಈ ನಾಲ್ಕು ದಿನ ಏನಾಗಿತ್ತು?" ಎಂದು ಸಾಹೇಬರು ಕೇಳಿದರು.

ಅಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ಏನು ಕೇಳಿದರೂ ನೆನಪಿದ್ದದ್ದನ್ನು ನೆನಪಿದ್ದ ಹಾಗೆಯೇ ಹೇಳುವವರು ಅವರು. "ಆ ನಾಕು ದಿನ ನಮ್ಮ ತಾಯಿ ಮಾಗಡೀಲಿ ಮದುವೆಗೆ ಹೋಗಿದ್ರು ಸಾರ್" ಅಂದರು.

ಜೀಪಿನ ಡ್ರೈವರು ಕಿಟಕಿಯ ಹತ್ತಿರ ಕಿಸಕ್ಕನೆ ನಕ್ಕ. ಸಾಹೇಬರಿಗೆ ಮುಖ ಕೆಂಪೇರಿತು. "ತಮಾಷೆ ಮಾಡ್ತಿದೀರಾ ಮೇಷ್ಟ್ರೇ? ನಿಮ್ಮ ತಾಯಿ ಊರಲ್ಲಿಲ್ಲ ಅಂದ್ರೆ ಮಳೆ ಬರಲ್ವಾ?" ಎಂದು ರಿಜಿಸ್ಟರು ಮುಚ್ಚಿದರು. ಅಪ್ಪ ತಮಾಷೆ ಮಾಡುವವರಲ್ಲ ಎಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು?

"ಸಾಯಂಕಾಲ ಬರದ ಪಟ್ಟಿ ಮುಗಿಸಿ ಕಳಿಸ್ಬೇಕು ನಾನು. ಇಲ್ಲಿ ಮಳೆ ಬಂದಿದ್ರೆ ನಿಮ್ಮೂರು ಪಟ್ಟೀಲಿರಲ್ಲ. ಬಂದಿಲ್ಲ ಅಂದ್ರೆ ನೀವು ಸುಳ್ಳು ಬರ್ದಿದೀರಿ, ಅದನ್ನ ನಾನು ಮೇಲಕ್ಕೆ ಬರೀಬೇಕಾಗುತ್ತೆ. ಎರಡ್ರಲ್ಲಿ ಯಾವುದು, ನೀವೇ ಹೇಳಿ."

ಸುಳ್ಳು ಎನ್ನುವ ಮಾತನ್ನು ಅಪ್ಪನ ಮುಖಕ್ಕೆ ಹಿಡಿದು ಅದುವರೆಗೆ ಯಾರೂ ಅಂದಿರಲಿಲ್ಲ. ಕೋಟಿನ ಮೇಲಿನ ಗುಂಡಿಯನ್ನು ತೆಗೆದರು, ಹಾಕಿದರು, ಮತ್ತೆ ತೆಗೆದರು. ಅದನ್ನು ನೋಡಲು ನನಗೆ ಆಗಲಿಲ್ಲ. ಅದೇ ಹೊತ್ತಿಗೆ ಅಕ್ಕ ಎರಡನೇ ಕೊಡ ಹೊತ್ತು ಗೇಟಿನೊಳಗೆ ಬಂದಳು. ಒಳಗೆ ಲೆಕ್ಕದ ಪಾಠ ನಡೆಯುತ್ತಿಲ್ಲ ಎಂದು ಕಂಡು ಅವಳಿಗೆ ಖುಷಿಯಾಗಿರಬೇಕು, ಬೆವರು ಒರೆಸಿಕೊಂಡು ನಕ್ಕಳು. ಕೊಡದಿಂದ ತುಳುಕಿದ ನೀರು ಅವಳ ಭುಜದ ಮೇಲೆ ಇಳಿದಿತ್ತು. ಅದನ್ನು ಕಂಡಾಗ ನನ್ನ ತಲೆಯಲ್ಲಿ ಎಲ್ಲ ಒಟ್ಟಿಗೇ ಕೂಡಿಕೊಂಡಿತು. ಆ ನೀರು, ಆ ಚಮಚ, ಆ ಶೀಶೆ, ಆ ಪಟ್ಟಿ, ಈ ಬಾವಿ. ಪುಣ್ಯದ ಫಲ ಹೋದರೆ ಹೋಗಲಿ ಅಂದುಕೊಂಡೆ. ನನಗೆ ಅಳುವೂ ಬರುತ್ತಿತ್ತು. ಒಳಗೆ ಓಡಿ ಮೇಜಿನ ಪಕ್ಕ ನಿಂತೆ.

"ಸಾರ್, ಮಳೆ ಹಾಕಿದ್ದು ನಾನು" ಅಂದೆ.

ಸಾಹೇಬರು ಸುತ್ತ ನೋಡಿ, ದನಿ ಎಲ್ಲಿಂದ ಬಂತು ಎಂದು ತಿಳಿಯದೆ, ಕೊನೆಗೆ ಕೆಳಗೆ ನೋಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಅಜ್ಜಿ ಬಂದು ನಿಂತಿದ್ದಳು. "ಮಗೂನ ಕೇಳ್ಬೇಡಪ್ಪ. ಹಾಕ್ಸಿದ್ದು ನಾನು" ಅಂದಳು. ಆಮೇಲೆ ಒಂದಿಷ್ಟೂ ಅಳುಕದೆ ಎಲ್ಲ ಹೇಳಿದಳು. ಖಾಲಿ ಪಾತ್ರೆ ಇಟ್ಟುಕೊಂಡು ಮಳೆ ಬಾ ಅಂದರೆ ಮಳೆ ಯಾವ ಮುಖ ಇಟ್ಟುಕೊಂಡು ಬರುತ್ತದೆ ಎಂದು ಸಾಹೇಬರನ್ನೇ ಕೇಳಿದಳು.

"ಅಮ್ಮ, ಅದು ಅಳತೆ ಪಾತ್ರೆ ಕಣಮ್ಮ" ಎಂದು ಅಪ್ಪ ಕುಗ್ಗಿದ ದನಿಯಲ್ಲಿ ಅಂದರು.

"ಅಳತೆ ಪಾತ್ರೆ ಅಂದ್ಮೇಲೆ ಇನ್ನೂ ಖಾಲಿ ಇಡಬಾರ್ದು. ಸೇರಿನೊಳಗೆ ನಾಕು ಕಾಳು ಬಿಟ್ಟೇ ಇಡಲ್ವೇ ನಾವು? ಏನಪ್ಪ, ನಿಮ್ಮನೇಲಿ ಅಕ್ಕಿ ಡಬ್ಬ ಬರಿದು ಮಾಡ್ತೀರಾ?"

ಸಾಹೇಬರು ಬಾಯಿ ತೆರೆದರು. ಏನೋ ನೆನಪಾದಂತೆ ಮುಚ್ಚಿದರು. "ಇಲ್ಲಮ್ಮ" ಅಂದರು. "ನಮ್ಮಮ್ಮನೂ ಒಂದು ಹಿಡಿ ಬಿಟ್ಟಿರ್ತಾರೆ." ಗುಮಾಸ್ತರೂ ತಲೆಯಾಡಿಸಿದರು. ಡ್ರೈವರಂತೂ ಪೆಟ್ರೋಲ್ ಟ್ಯಾಂಕನ್ನು ತಾನು ಯಾವತ್ತೂ ಪೂರ್ತಿ ಬರಿದು ಮಾಡುವುದಿಲ್ಲ ಎಂದು ಯಾರೂ ಕೇಳದೆಯೇ ಹೇಳಿದ.

ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. ಅಳಿಸಲು ಅಪ್ಪ ಬಿಡುವವರೂ ಅಲ್ಲ. ಅಜ್ಜಿಯ ಮಾತೊಂದನ್ನೇ ನಂಬಿ ಮಳೆಯನ್ನು ಕಳೆಯಲು ಸಾಹೇಬರಿಗೂ ಬರುವುದಿಲ್ಲ. ನಡುನಡುವೆ ನಿಜವಾದ ಮಳೆ ಬಿದ್ದಿಲ್ಲ ಎಂದು ಏನು ಗ್ಯಾರಂಟಿ? ಕೊನೆಗೆ ಸಾಹೇಬರು ಎದ್ದು ನಿಂತು, ಪರೀಕ್ಷೆ ಮಾಡಿ ನೋಡಿಬಿಡೋಣ ಅಂದರು.

ಹೀಗಾಗಿ ಆ ಸೋಮವಾರ ನಮ್ಮ ಶಾಲೆಯ ಅಂಗಳದಲ್ಲಿ, ಇಡೀ ಊರಿನ ಎದುರಿಗೆ, ಮಳೆ ಸುರಿಸುವ ಕಾರ್ಯಕ್ರಮ ನಡೆಯಿತು. ಹಲ್ಲುನೋವಿನ ಮೇಷ್ಟ್ರು ಕೂಡ ನೋವು ಮರೆತು ಬಂದಿದ್ದರು. ಅಜ್ಜಿ ಪಂಚಪಾತ್ರೆ ಹಿಡಿದು ಬಲಕ್ಕೆ ನಿಂತಳು. ನಾನು ತಂತಿಯ ನಡುವೆ ಕೈ ತೂರಿಸಿದೆ. ಸೇರಿದ್ದ ಜನರನ್ನು ಒಮ್ಮೆ ತಿರುಗಿ ನೋಡುವಷ್ಟರಲ್ಲಿ ಅರ್ಧ ಚಮಚ ಹೊರಗೆ ಚೆಲ್ಲಿತು. "ಇದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ" ಅಂದರು ಸಾಹೇಬರು. ಎರಡನೇ ಸಲ ಮೂರು ಚಮಚ ಸರಿಯಾಗಿ ಬಿತ್ತು. ಅಪ್ಪ ಶೀಶೆ ತೆಗೆದು, ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದರು. ಒಂದು ಮಿಲಿಮೀಟರು. ಆಮೇಲೆ ಸೋಮವಾರದ ಅಳತೆ. ಎರಡು ಮಿಲಿಮೀಟರು, ರಿಜಿಸ್ಟರಿನಲ್ಲಿ ಇದ್ದ ಹಾಗೆಯೇ. ಊರಿನವರು ಚಪ್ಪಾಳೆ ತಟ್ಟಿದರು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆ ಇಲ್ಲ. ಅಪ್ಪನ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಬಣ್ಣ ಬಂತು. ಅವರು ಬರೆದದ್ದರಲ್ಲಿ ಸುಳ್ಳಿರಲಿಲ್ಲ ಎನ್ನುವುದು ಸರ್ಕಾರದ ಎದುರಿಗೇ ಸಾಬೀತಾಗಿತ್ತು.

ರಿಜಿಸ್ಟರಿನ ಪ್ರತಿ ಸಾಲಿನ ಕೊನೆಯಲ್ಲಿ ಷರಾ ಎಂಬ ಒಂದು ಅಂಕಣ ಇರುತ್ತಿತ್ತು, ಏನಾದರೂ ವಿಶೇಷ ಇದ್ದರೆ ಬರೆಯಲು. ಅದುವರೆಗೆ ಅಲ್ಲಿ ಕಪ್ಪೆಯ ವಿಷಯ ಬಿಟ್ಟರೆ ಬೇರೇನೂ ಇರಲಿಲ್ಲ. ಏನು ಬರೆಯುವುದು ಎಂದು ಸಾಹೇಬರೂ ಗುಮಾಸ್ತರೂ ಬಹಳ ಹೊತ್ತು ಚರ್ಚಿಸಿದರು. ಗುಮಾಸ್ತರು ದೊಡ್ಡ ದೊಡ್ಡ ಸಂಸ್ಕೃತ ಪದಗಳನ್ನು ಸೂಚಿಸಿದರು. ಕೊನೆಗೆ ಸಾಹೇಬರು ತಾವೇ ಪೆನ್ನು ತೆಗೆದು ಬರೆದರು. "ಮೇಲ್ಕಂಡ ಮಳೆಯು ಆಕಾಶದಿಂದ ಬಂದದ್ದಲ್ಲ. ಮುಖ್ಯೋಪಾಧ್ಯಾಯರ ತಾಯಿಯವರಿಂದ ಬಂದದ್ದು. ಪರೀಕ್ಷಿಸಿ ನೋಡಲಾಗಿದೆ." ಕೆಳಗೆ ಸಹಿ ಹಾಕಿದರು. ಸಾಕ್ಷಿಯಾಗಿ ನನ್ನ ಕೈಯಲ್ಲೂ ಸಹಿ ಹಾಕಿಸಿದರು. ನಾನು ಇನಿಷಿಯಲ್ ಸಮೇತ ಪೂರ್ತಿ ಹೆಸರು ಬರೆದೆ, ಜಾಗ ಸಾಲದೆ ಪಕ್ಕದ ಅಂಕಣಕ್ಕೂ ಹೋಯಿತು.

ಸಂಜೆಯ ಪಟ್ಟಿಯಲ್ಲಿ ನಮ್ಮೂರು ಸೇರಿತು. ಗುಮಾಸ್ತರು ಹಸಿರು ಚುಕ್ಕೆಯ ಮೇಲೆ ಹಳದಿ ಪೆನ್ಸಿಲ್ ಉಜ್ಜಿದಾಗ ಊರಿನವರು ಹಬ್ಬದಂತೆ ಸಂತೋಷಪಟ್ಟರು. ಬರ ಬಂತು ಎಂದು ಕುಣಿದವರನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ಆ ದಿನವೆಲ್ಲ ನನ್ನೊಡನೆ ಮಾತಾಡಲಿಲ್ಲ. ಅಜ್ಜಿಯನ್ನು ಬಯ್ಯುವ ಧೈರ್ಯ ಅವರಿಗಿರಲಿಲ್ಲ, ಆದ್ದರಿಂದ ಇಬ್ಬರ ಪಾಲಿನ ಮೌನವೂ ನನಗೇ ಬಂತು. ಮರುದಿನ ಎಂಟೂವರೆಗೆ ನನ್ನನ್ನು ಕರೆದು ಕೀಲಿ ಕೊಟ್ಟರು. "ಇನ್ಮೇಲೆ ಬಾಗಿಲು ತೆಗೆದು ಹೋಗು. ಕೈ ತೂರಿಸ್ಬೇಡ, ತಂತಿ ಗೀರುತ್ತೆ" ಅಂದರು. ಲೋಟ ಹಿಡಿದು ಓದುವುದನ್ನು ಕಲಿಸಿದರು. ಶೀಶೆ ಒಣಗಿತ್ತು. ನಾನು ಸೊನ್ನೆ ಬರೆದೆ. ಅಷ್ಟು ಚೆಂದದ ಸೊನ್ನೆ ನಾನು ಮತ್ತೆ ಬರೆದಿಲ್ಲ. ಅಜ್ಜಿಯ ಜೊತೆ ಒಂದು ಒಪ್ಪಂದವಾಯಿತು. ಬೇಲಿಯ ಒಳಗೆ ಸರ್ಕಾರದ ಪಾತ್ರೆ ಖಾಲಿ ಇರಬಹುದು, ಬೇಲಿಯ ಹೊರಗೆ ಅಜ್ಜಿ ತನ್ನದೊಂದು ತುಂಬಿದ ಚೊಂಬು ಇಟ್ಟುಕೊಳ್ಳಬಹುದು. ಎರಡೂ ಪಕ್ಷದವರು ಇದನ್ನು ಕೊನೆಯವರೆಗೂ ಪಾಲಿಸಿದರು.

ಒಡ್ಡರು ಬಂದರು. ಸಿಡಿಮದ್ದಿನ ಸುಟ್ಟ ವಾಸನೆ ವಾರಗಟ್ಟಲೆ ಶಾಲೆಯಲ್ಲಿ ತುಂಬಿತ್ತು. ಒಂದು ಮಧ್ಯಾಹ್ನ ಬಾವಿಯೊಳಗಿಂದ ಕೂಗು ಕೇಳಿ ಎಲ್ಲರೂ ಓಡಿದೆವು. ಬಂಡೆಯ ಬಿರುಕಿನಿಂದ ಕೆಸರು ನೀರು ಬರುತ್ತಿತ್ತು, ಸಂಜೆಗೆ ತಿಳಿಯಾಯಿತು. ಮೊದಲ ಕೊಡ ಸೇದಿದ್ದು ಅಕ್ಕ. ಮರುದಿನದಿಂದ ಅವಳು ಲೆಕ್ಕದ ಪೀರಿಯಡ್ಡಿಗೆ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದಳು. ಪರೀಕ್ಷೆಯನ್ನೂ ಪಾಸು ಮಾಡಿದಳು. "ನನ್ನ ಮೂರು ಚಮಚ ಸುಮ್ನೆ ಹೋಯ್ತಾ?" ಎಂದು ಅಜ್ಜಿ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದಳು. ಮುಂದಿನ ವರ್ಷ ನಿಜವಾದ ಮಳೆ ಬಂದ ಮೊದಲ ದಿನ ಅಪ್ಪ ನೆನೆದುಕೊಂಡೇ ನಿಂತು ಲೋಟ ನೋಡಿದರು. ರಿಜಿಸ್ಟರಿನಲ್ಲಿ ಅಳತೆ ಬರೆದು, ಷರಾ ಅಂಕಣದಲ್ಲಿ ಒಂದೇ ಪದ ಸೇರಿಸಿದರು. "ಆಕಾಶದಿಂದ."

ಮಕ್ಕಳೇ, ನಿಮ್ಮ ಕಾಲ ಬೇರೆ. ಈಗ ಸರ್ಕಾರದ ಮಳೆಮಾಪಕ ಕಂಬದ ಮೇಲೆ ಕೂತು ತಾನೇ ಆಫೀಸಿಗೆ ಲೆಕ್ಕ ಕಳಿಸುತ್ತದೆ. ಮೇಲೆ ಉಪಗ್ರಹ ಇದೆ, ಯಾವ ಅಜ್ಜಿಯ ಕೈಯೂ ಅಷ್ಟೆತ್ತರಕ್ಕೆ ನಿಲುಕುವುದಿಲ್ಲ. ಆದರೂ ಬರ ಏನೂ ದೂರ ಹೋಗಿಲ್ಲ. ಮೊನ್ನೆಯ ಬೇಸಿಗೆಯಲ್ಲಿ ಶ್ರೀಗಂಧದ ಕಾವಲಿನ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ದಂಡ ಎಂದು ಸರ್ಕಾರ ಹೇಳಿತು, ನಲ್ಲಿಯ ಬಾಯಿಗೆ ನೀರು ಉಳಿಸುವ ಜಾಲರಿ ಹಾಕಿಸಿ ಅಂದಿತು. ಟ್ಯಾಂಕರ್ ಬಂತಾ ಎಂದು ಎಲ್ಲರೂ ಮೊಬೈಲ್ ನೋಡುತ್ತಾ ಕೂತಿದ್ದರು. ಅಕ್ಕನ ತಲೆಯ ಮೇಲಿದ್ದ ಸಿಂಬಿ ಈಗ ಲಾರಿಗೆ ಹೋಗಿದೆ, ಅಷ್ಟೇ.

ಆಗಲೇ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಮಳೆ ಅಳೆಯುವ ಪ್ರಾಜೆಕ್ಟ್ ಕೊಟ್ಟರು. ಅವಳು ಜ್ಯೂಸ್ ಬಾಟಲಿ ಕತ್ತರಿಸಿ, ಪಕ್ಕಕ್ಕೆ ಸ್ಕೇಲ್ ಅಂಟಿಸಿ, ಟೆರೇಸಿನ ಮೇಲೆ ಇಟ್ಟಳು. ದಿನಾ ಬೆಳಿಗ್ಗೆ ನೋಡಿ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದು ಸ್ಕೂಲಿಗೆ ಹೋಗುತ್ತಿದ್ದಳು. ನಾನು ಬಟ್ಟೆ ಒಣಗಿಸಲು ಮೇಲೆ ಹೋದಾಗಲೆಲ್ಲ ಆ ಬಾಟಲಿ ಬರಿದಾಗಿ ನನ್ನನ್ನೇ ನೋಡುತ್ತಿತ್ತು. ಎಷ್ಟು ದಿನ ಅಂತ ತಡೆದುಕೊಳ್ಳಲಿ? ಎಲ್ಲ ಗೊತ್ತಿದ್ದೂ, ಸರ್ಕಾರದ ರಿಜಿಸ್ಟರಿನಲ್ಲಿ ಸಹಿ ಹಾಕಿದವಳಾಗಿದ್ದೂ, ಒಂದು ಬೆಳಿಗ್ಗೆ ನನ್ನ ಕೈ ಸುಮ್ಮನಿರಲಿಲ್ಲ.

ಮೊಮ್ಮಗಳು ಬಾಟಲಿ ನೋಡಿದಳು. ಆಕಾಶ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಒದ್ದೆ ಲೋಟ ನೋಡಿದಳು.

"ಅಜ್ಜಿ, ನನ್ನ ಡೇಟಾ ಎಲ್ಲಾ ಹಾಳಾಯ್ತು" ಅಂದಳು.

ನಾನು ಲೋಟವನ್ನು ಸೆರಗಿನ ಹಿಂದೆ ಅಡಗಿಸಿದೆ. ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ಅಳಿಸುವ ರಬ್ಬರು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಪುಟದ ಕೊನೆಯಲ್ಲಿ ಸ್ಕೇಲ್ ಇಟ್ಟು ಒಂದು ಹೊಸ ಗೆರೆ ಎಳೆದು, ಹೊಸ ಅಂಕಣ ಮಾಡಿದಳು. ಇಬ್ಬರೂ ಕೆಳಗಿಳಿದು ಬಂದ ಮೇಲೆ, ಅವಳು ಶೂ ಹಾಕಿಕೊಳ್ಳುತ್ತಿದ್ದಾಗ, ನಾನು ಮೆಲ್ಲಗೆ ನೋಟ್‌ಬುಕ್ ತೆರೆದು ನೋಡಿದೆ. ಇವತ್ತು ನಿಮಗೆ ಈ ಕಥೆ ಹೇಳಬೇಕು ಅನ್ನಿಸಿದ್ದೇ ಆ ಸಾಲನ್ನು ಓದಿದ ಮೇಲೆ. ದುಂಡನೆಯ ಅಕ್ಷರದಲ್ಲಿ ಅವಳು ಬರೆದಿದ್ದಳು:

ಮಳೆ: ಸೊನ್ನೆ. ಅಜ್ಜಿ: ಮೂರು ಮಿಲಿಮೀಟರು.